ಬೇಸಿಗೆ ರಜೆಯೂ ಒತ್ತಕ್ಷರವೂ

ಏಪ್ರಿಲ್ ಎರಡನೆಯ ವಾರ ಬಂತೆಂದರೆ ನಮ್ಮ ಪ್ರಾಥಮಿಕ ಶಾಲೆಗಳ ಬಾಗಿಲಿಗೆ ಬೀಗ ಬೀಳುತ್ತದೆ. ಅದು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಯ ಹೊತ್ತಿಗೆ. ನಡುವಿನ ಏಳು ವಾರ ಮಕ್ಕಳ ಸ್ವಂತ ಆಸ್ತಿ. ಮಾವಿನ ತೋಪು, ಕೆರೆ ಏರಿ, ಅಜ್ಜಿಯ ಮನೆ, ಊರ ಜಾತ್ರೆ ಇವುಗಳಲ್ಲಿ ಯಾವುದನ್ನೂ ಅವರಿಂದ ಕಸಿಯಬಾರದು. ಆದರೆ ಜೂನ್ ತಿಂಗಳಲ್ಲಿ ಮೂರನೆಯ ತರಗತಿಯ ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಿದ ಮೇಷ್ಟರಿಗೆಲ್ಲ ಒಂದು ಅನುಭವ ಉಂಟು. ಮಾರ್ಚಿಯಲ್ಲಿ ತಡವರಿಸಿಯಾದರೂ ಒಂದು ಸಾಲು ಮುಗಿಸುತ್ತಿದ್ದ ಹುಡುಗ ಈಗ ಅರ್ಧ ಸಾಲಿಗೇ ನಿಲ್ಲುತ್ತಾನೆ. ಅವನು ನಿಲ್ಲುವ ಜಾಗ ಹೆಚ್ಚಾಗಿ ಯಾವುದಾದರೊಂದು ಒತ್ತಕ್ಷರ.

ಇದನ್ನು ಮಗುವಿನ ದಡ್ಡತನವೆಂದೋ ಹಿಂದಿನ ತರಗತಿಯ ಶಿಕ್ಷಕರ ಸೋಮಾರಿತನವೆಂದೋ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಿಜವಾದ ಕಾರಣ ತಿಳಿಯಬೇಕಾದರೆ ನಮ್ಮ ಲಿಪಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಉದ್ದದ ದಾರಿ

ಕನ್ನಡ ಲಿಪಿ ಪ್ರಾಮಾಣಿಕ ಲಿಪಿ. ಬರೆದಂತೆ ಓದಬಹುದು, ಓದಿದಂತೆ ಬರೆಯಬಹುದು. ಆದರೆ ಪ್ರಾಮಾಣಿಕವಾದದ್ದು ಚಿಕ್ಕದಾಗಿರಬೇಕೆಂದೇನೂ ಇಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳನ್ನು ಲೆಕ್ಕ ಹಾಕಿದರೆ 510 ಆಕಾರಗಳಾದವು. ಅದರ ಮೇಲೆ ಒತ್ತಕ್ಷರ. ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೂ ಮೂಲ ಅಕ್ಷರಕ್ಕೂ ನೋಡಲು ಸಂಬಂಧವೇ ಇಲ್ಲ; ಮಗು ಅವನ್ನು ಹೊಸದಾಗಿಯೇ ಕಲಿಯಬೇಕು.

ಇದರಲ್ಲೊಂದು ವಿಚಿತ್ರವಿದೆ. ಅಪ್ಪ, ಅಮ್ಮ, ಅವ್ವ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ - ಮಗುವಿನ ಬಾಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಈ ಮಾತುಗಳೆಲ್ಲದರಲ್ಲೂ ಒತ್ತಕ್ಷರವಿದೆ. ಪಾಠದ ಕ್ರಮದಲ್ಲಾದರೋ ಒತ್ತಕ್ಷರ ಬರುವುದು ಎಲ್ಲದರ ಕೊನೆಗೆ. ಹೀಗಾಗಿ ಮಗು ದಿನವೂ ಕರೆಯುವ ತನ್ನ ಮನೆಯವರನ್ನು ಓದಬೇಕಾದರೆ ಬಹಳ ದಿನ ಕಾಯಬೇಕು.

ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಮಾತಿಗೆ ಆಧಾರ ಒದಗಿಸುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಪರಿಚಯ ಒಂದು ವರ್ಷದಲ್ಲಿ ಮುಗಿದರೆ, ಕನ್ನಡದ ಅಕ್ಷರ ಸಮೂಹ ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಮೂರು ನಾಲ್ಕು ವರ್ಷಗಳೇ ಬೇಕಾಗುತ್ತವೆ. ಅಂದರೆ ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಯವರೆಗಿನ ಪ್ರತಿಯೊಂದು ಬೇಸಿಗೆ ರಜೆಯೂ ಕಲಿಕೆ ಮುಗಿದ ಮೇಲೆ ಬರುವ ವಿಶ್ರಾಂತಿಯಲ್ಲ, ಕಲಿಕೆಯ ನಟ್ಟನಡುವೆ ಬೀಳುವ ವಿರಾಮ. ಸೈಕಲ್ ಕಲಿತವನು ಒಂದು ವರ್ಷ ಬಿಟ್ಟರೂ ಮರೆಯುವುದಿಲ್ಲ. ಕಲಿಯುತ್ತಿರುವವನು ಎರಡು ತಿಂಗಳು ಬಿಟ್ಟರೆ ಮತ್ತೆ ಹಿಡಿದುಕೊಳ್ಳಲು ಯಾರಾದರೂ ಬೇಕು.

ರಜೆಯಲ್ಲಿ ಮಕ್ಕಳು ಎಷ್ಟು ಮರೆಯುತ್ತಾರೆಂಬ ಬಗ್ಗೆ ವಿದ್ವಾಂಸರಲ್ಲಿ ಈಗಲೂ ಒಮ್ಮತವಿಲ್ಲ. ಅಮೆರಿಕದಲ್ಲಿ 1978ರಷ್ಟು ಹಿಂದೆಯೇ ಬಾರ್ಬರಾ ಹೇನ್ಸ್ ಅವರು ಅಟ್ಲಾಂಟಾ ನಗರದ ಮಕ್ಕಳನ್ನು ಕುರಿತು ಬರೆದರು. ಉಳ್ಳವರ ಮತ್ತು ಇಲ್ಲದವರ ಮಕ್ಕಳ ನಡುವಿನ ಅಂತರ ಬೆಳೆಯುವುದು ಶಾಲೆಯ ದಿನಗಳಿಗಿಂತ ಬೇಸಿಗೆಯಲ್ಲಿ ಎಂಬುದು ಅವರ ವಾದ. ಆ ಅಂತರ ಅಷ್ಟು ದೊಡ್ಡದಲ್ಲ ಎಂದು ಈಚಿನ ಕೆಲವರು ಆಕ್ಷೇಪಿಸಿದ್ದಾರೆ. ಆದರೆ ಪುಸ್ತಕ ಕೈಗೆ ಸಿಕ್ಕ ಮಗುವಿಗೆ ಲಾಭವಿದೆ ಎಂಬುದರಲ್ಲಿ ತಕರಾರಿಲ್ಲ. ಫ್ಲಾರಿಡಾ ರಾಜ್ಯದ ಬಡ ಬಡಾವಣೆಗಳ ಶಾಲೆಗಳಲ್ಲಿ ಮಕ್ಕಳಿಗೆ ತಾವೇ ಆರಿಸಿಕೊಂಡ 12 ಪುಸ್ತಕಗಳನ್ನು ಪ್ರತಿ ಬೇಸಿಗೆಯಲ್ಲೂ ಕೊಡಲಾಯಿತು. ಹೀಗೆ ಮೂರು ಬೇಸಿಗೆ ಕಳೆದ ಮೇಲೆ ನೋಡಿದರೆ ಪುಸ್ತಕ ಪಡೆದವರು ಪಡೆಯದವರಿಗಿಂತ ಓದಿನಲ್ಲಿ ಮುಂದಿದ್ದರು. 2010ರಲ್ಲಿ ಪ್ರಕಟವಾದ ಈ ಪ್ರಯೋಗದ ತಿರುಳು ಇರುವುದು ‘ತಾವೇ ಆರಿಸಿಕೊಂಡ’ ಎಂಬ ಮಾತಿನಲ್ಲಿ.

ಜಗಲಿಯ ಓದು

ಊರಿಗೆ ಊರೇ ಸೇರಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ನಮಗೆ ಹೊಸದಲ್ಲ. ದೇವಸ್ಥಾನದ ಪ್ರಾಂಗಣದಲ್ಲೋ ದೊಡ್ಡಮನೆಯ ಜಗಲಿಯಲ್ಲೋ ಗಮಕಿಗಳು ಕುಮಾರವ್ಯಾಸನನ್ನು, ಲಕ್ಷ್ಮೀಶನನ್ನು ವಾಚನ ಮಾಡುತ್ತಿದ್ದಾಗ ಕಂಬಕ್ಕೊರಗಿ ತೂಕಡಿಸುತ್ತಿದ್ದ ಮಕ್ಕಳ ಕಿವಿಗೆ ಪುಸ್ತಕದ ಕನ್ನಡ ಬೀಳುತ್ತಿತ್ತು. ಕಣ್ಣಿನ ಓದಿಗೆ ಕಿವಿಯ ಓದು ತಳಪಾಯ ಎಂಬ ಮಾತನ್ನು ಇಂದಿನ ಶಿಕ್ಷಣ ತಜ್ಞರು ಹೇಳುತ್ತಾರೆ. ಆ ಜಗಲಿಗೆ ಅದು ಹೇಳದೆಯೇ ಗೊತ್ತಿತ್ತು. ಆದರೆ ಎಲ್ಲ ಮಕ್ಕಳಿಗೂ ಆ ಜಗಲಿ ಹತ್ತುವ ಅವಕಾಶ ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೆಲವರು ಮಕ್ಕಳಿಗೆಂದೇ ಜಗಲಿ ಕಟ್ಟಿದರು. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದ ಪಂಜೆ ಮಂಗೇಶರಾಯರು (1874-1937) ಪಠ್ಯದ ಹೊರಗೂ ಮಕ್ಕಳಿಗೆ ಕನ್ನಡ ಬೇಕೆಂದು ಕಂಡು ಕಥೆ, ಪದ್ಯ ಬರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜತೆ ಪ್ರಯೋಗಗಳನ್ನು ನಡೆಸಿದರು, ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದರು. ಬಾಲ್ಯದಲ್ಲೇ ವಿಧವೆಯಾಗಿ, ಮುಂದೆ ‘ಸರಸ್ವತಿ’ ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಸ್ಥಾಪಿಸಿದರು. ಚಾಮರಾಜಪೇಟೆಯ ಆ ಕೂಟದ ಹೆಸರು ಇಂದಿಗೂ ಬಸ್ಸಿನವರ ಬಾಯಲ್ಲಿದೆ. ಮುಂದೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ಶಿಬಿರಕ್ಕೆ ನಾಡಿನಲ್ಲೆಲ್ಲ ಮಾದರಿಯಾಯಿತು. ಆದರೆ ಶಿಬಿರಗಳು ಬೆಳೆದದ್ದು ಬಹುಮಟ್ಟಿಗೆ ನಗರಗಳಲ್ಲಿ, ಶುಲ್ಕ ಕೊಡಬಲ್ಲವರ ನಡುವೆ. ಹಳ್ಳಿಯ ಮಗುವಿಗೆ ಉಳಿದದ್ದು ಒಂದೇ ಒಂದು ಪುಸ್ತಕ, ಅದೂ ಆಗಲೇ ಬಾಯಿಪಾಠವಾದ ಹಳೆಯ ಪಠ್ಯ.

ಹಳ್ಳಿಯ ಗ್ರಂಥಾಲಯ

ಈ ಕೊರತೆ ಎಷ್ಟು ಆಳವೆಂಬುದು ಕೊರೊನಾ ಕಾಲದಲ್ಲಿ ಬಯಲಾಯಿತು. ರಜೆ ಏಳು ವಾರದಿಂದ ಹಿಗ್ಗಿ ವರ್ಷವನ್ನೇ ನುಂಗಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ, ಶೇಕಡ 92 ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 27.3 ಇದ್ದದ್ದು 2022ರಲ್ಲಿ ಶೇ. 20.5ಕ್ಕೆ ಇಳಿಯಿತು. 2024ರಲ್ಲಿ ಅದು ಶೇ. 27.1ಕ್ಕೆ ಏರಿತು. ಏರಿತೆಂದು ಸಮಾಧಾನಪಡುವಾಗಲೂ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಹೊರಗೇ ಇದ್ದಾರೆಂಬುದು ನೆನಪಿರಬೇಕು.

ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲೇ, 2020ರ ನವೆಂಬರಿನಲ್ಲಿ, ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿತು. ಅದಕ್ಕೂ ಮುನ್ನ 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಈ ಇಲಾಖೆಗೆ ಬಂದಿದ್ದವು. ಸಂಖ್ಯೆ ಐದೂವರೆ ಸಾವಿರಕ್ಕೂ ಹೆಚ್ಚು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಗೌರವಧನದ ಮೇಲೆ ದುಡಿಯುತ್ತ ಬಂದಿದ್ದ ಮೇಲ್ವಿಚಾರಕರು ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದರು; ಊರವರು ಪುಸ್ತಕ, ಬೆಂಚು, ಫ್ಯಾನು ಕೊಟ್ಟರು; ಗೋಡೆಗಳಿಗೆ ಬಣ್ಣ ಬಂತು. ವಯಸ್ಸಾದವರು ದಿನಪತ್ರಿಕೆ ತಿರುವಿ ಹೋಗುತ್ತಿದ್ದ ಕೋಣೆಗೆ ಲಕ್ಷಗಟ್ಟಲೆ ಮಕ್ಕಳು ಸದಸ್ಯರಾದರು. ಮುಂದೆ ಅರಿವು ಕೇಂದ್ರಗಳೆಂದು ಹೆಸರಾದ ಇವುಗಳಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ.

ಇಲ್ಲಿ ಮುಖ್ಯವಾದದ್ದು ಕಟ್ಟಡವಲ್ಲ, ಬಾಗಿಲು ತೆರೆಯುವ ಹೊತ್ತು. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಮಗು ಬರಬಲ್ಲದ್ದು ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ. ಎರಡನೆಯದು ಪುಸ್ತಕ ಇಡುವ ಎತ್ತರ. ಬೀಗ ಹಾಕಿದ ಗಾಜಿನ ಬೀರುವಿನ ಮೇಲಿನ ಹಲಗೆಯಲ್ಲಿ ಇರುವ ಪುಸ್ತಕ ಆರು ವರ್ಷದ ಮಗುವಿಗೆ ಇಲ್ಲದ ಪುಸ್ತಕವೇ. ಪುಸ್ತಕ ಹರಿದೀತು, ಕಳೆದೀತು ಎಂಬ ಭಯ ಸಹಜ. ಆದರೆ ನೂರು ಮಕ್ಕಳು ಓದಿ ಹರಿದ ಪುಸ್ತಕದಿಂದ ಯಾರಿಗೂ ನಷ್ಟವಿಲ್ಲ. ಗೆದ್ದಲು ತಿಂದ ಹೊಸ ಪುಸ್ತಕದಿಂದ ಎಲ್ಲರಿಗೂ ನಷ್ಟ.

ಮೂರನೆಯದು ಜತೆಗೆ ಕೂರುವ ಒಬ್ಬರು. ಆರನೆಯ ತರಗತಿಯ ಅಕ್ಕ ಒಂದನೆಯ ತರಗತಿಯ ತಮ್ಮನಿಗೆ ಸಾಲಿನ ಕೆಳಗೆ ಬೆರಳಿಟ್ಟು ಓದಿ ಹೇಳಿದರೆ ಇಬ್ಬರ ಓದೂ ಬೆಳೆಯುತ್ತದೆ. ತುಳು, ಉರ್ದು, ಲಂಬಾಣಿ, ತೆಲುಗು ಮನೆಮಾತಿನ ಮಕ್ಕಳಿಗೆ ಇದು ಇನ್ನಷ್ಟು ಬೇಕು. ಅವರು ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಯುತ್ತಿರುತ್ತಾರೆ. ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ ಆಮೇಲೆ ಪುಸ್ತಕ ತೆರೆದರೆ ಅಪರಿಚಿತ ಪದಗಳೂ ಗುರುತು ಹಿಡಿದು ಮಾತನಾಡಿಸುತ್ತವೆ.

ಆರು ವರ್ಷಕ್ಕಿಂತ ಚಿಕ್ಕವರ ಗತಿ? ಬ್ರಿಟನ್ನಿನ ಬರ್ಮಿಂಗ್‌ಹ್ಯಾಂನಲ್ಲಿ 1992ರಲ್ಲಿ ಆರಂಭವಾದ ‘ಬುಕ್‌ಸ್ಟಾರ್ಟ್’ ಯೋಜನೆಯವರು ಆರೋಗ್ಯ ತಪಾಸಣೆಗೆ ಬಂದ 300 ಹಸುಗೂಸುಗಳ ತಾಯಂದಿರಿಗೆ ಪುಸ್ತಕ ಕೊಟ್ಟರು. ಮಗುವಿನ ತೂಕ ನೋಡುವ ಜಾಗದಲ್ಲೇ ಚಿತ್ರಪುಸ್ತಕವೂ ಸಿಗಲಿ ಎಂಬುದು ಅದರ ಜಾಣತನ. ನಮ್ಮಲ್ಲಿ ಆ ಜಾಗಕ್ಕೆ ಅಂಗನವಾಡಿ ಎಂದು ಹೆಸರು. ಅದು ಪ್ರತಿ ಊರಿನಲ್ಲೂ ಆಗಲೇ ಇದೆ. ಅಕ್ಷರ ಬಾರದ ತಾಯಿಯೂ ಚಿತ್ರ ತೋರಿಸಿ ಕಥೆ ಹೇಳಬಲ್ಲಳು; ಕಥೆಗೆ ಅಕ್ಷರದ ಹಂಗಿಲ್ಲ.

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಅಂದಿನಿಂದ ನಾವು ಆಸ್ತಿ ತೆರಿಗೆಯ ಜತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತ ಬಂದಿದ್ದೇವೆ. ರಸೀದಿಯಲ್ಲಿ ಆ ಸಾಲನ್ನು ನೋಡಿದವರು ಕಡಿಮೆ. ಹೀಗಾಗಿ ಊರ ಗ್ರಂಥಾಲಯ ಸರ್ಕಾರದ ದಾನವಲ್ಲ, ನಮ್ಮದೇ ದುಡ್ಡಿನ ಮನೆ. ಮುಂದಿನ ರಜೆಯಲ್ಲಿ ನೆರೆಯ ಮಗುವೊಂದನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ದು, ಅದೇ ಆರಿಸಿದ ಪುಸ್ತಕ ಕೊಡಿಸಿ, ವಾರಕ್ಕೊಂದು ದಿನ ಪಕ್ಕದಲ್ಲಿ ಕೂತು ಕೇಳುವುದು ಯಾರಿಂದಲೂ ಆಗದ ಕೆಲಸವಲ್ಲ. ಜೂನ್ ತಿಂಗಳಲ್ಲಿ ಆ ಮಗು ಅಪ್ಪ ಎಂಬ ಪದದ ಒತ್ತಿನಲ್ಲಿ ನಿಲ್ಲದೆ ಮುಂದಕ್ಕೆ ಹೋದರೆ ಮೇಷ್ಟರಿಗೆ ಕಾರಣ ತಿಳಿಯದೆ ಹೋಗಬಹುದು. ಮಗುವಿಗೆ ತಿಳಿದಿರುತ್ತದೆ.