ಬಿ.ಪಿ. ಮಾತ್ರೆ: ಬಿಡುವ ಮುನ್ನ ಬಾಯಿ ಬಿಡಿ

1898ರ ಪ್ಲೇಗು ಬೆಂಗಳೂರಿಗೆ ಕಲಿಸಿದ ಪಾಠದ ಫಲ ಬಸವನಗುಡಿ ಮತ್ತು ಮಲ್ಲೇಶ್ವರ. ಇಕ್ಕಟ್ಟಾದ ಪೇಟೆಯ ಜನರನ್ನು ಹೊರಗೆ ತಂದು, ಗಾಳಿ ಬೆಳಕು ಧಾರಾಳವಾಗಿ ಆಡುವ ಅಗಲ ರಸ್ತೆಗಳ ಬದಿಯಲ್ಲಿ ನೆಲೆಗೊಳಿಸಲು ಹುಟ್ಟಿದ ಬಡಾವಣೆಗಳಿವು. ಚಾಮರಾಜಪೇಟೆ ಇವಕ್ಕಿಂತ ಕೆಲವೇ ವರ್ಷ ಹಿರಿಯದು. ಆ ರೋಗ ಬಂದ ದಾರಿಯಲ್ಲೇ ಹೋಯಿತು. ಇಂದು ಇದೇ ಬೀದಿಗಳ ಹಳೆಯ ಮನೆಗಳಲ್ಲಿ ಸದ್ದಿಲ್ಲದೆ ಸೇರಿಕೊಂಡಿರುವುದು ಇನ್ನೊಂದು ತೊಂದರೆ. ಅದಕ್ಕೆ ಇಲಿ ಬೀಳುವುದಿಲ್ಲ, ಜ್ವರ ಬರುವುದಿಲ್ಲ. ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಕುಳಿತಿರುವ ಮಾತ್ರೆಯ ಡಬ್ಬಿಯೇ ಅದರ ಗುರುತು.

‘ರೀ, ಬಿ.ಪಿ. ಮಾತ್ರೆ ತೊಗೊಂಡ್ರಾ?’ ಎಂಬ ಪ್ರಶ್ನೆ ಈ ಮನೆಗಳಲ್ಲಿ ‘ಕಾಫಿ ಆಯ್ತಾ?’ ಎಂಬಷ್ಟೇ ಸಹಜ. ಅದಕ್ಕೆ ಬರುವ ಉತ್ತರಗಳು ಮಾತ್ರ ತರಹೇವಾರಿ. ‘ನಿನ್ನೆ ತೋರಿಸಿದೆ, ನಾರ್ಮಲ್ ಇದೆ, ಇನ್ನ್ಯಾಕೆ?’ ‘ಅದು ತೊಗೊಂಡ್ರೆ ಕಾಲು ಊದುತ್ತೆ ಕಣೇ.’ ‘ಇವತ್ತು ಏಕಾದಶಿ.’ ಹೀಗೆ ಒಂದು ದಿನಕ್ಕೆಂದು ಬಿಟ್ಟದ್ದು ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಮನೆಯವರಿಗೆ ಗೊತ್ತಾಗುವುದು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತಾಗ.

ಬಿಟ್ಟವರನ್ನು ಹಠಮಾರಿಗಳೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಅವರ ದೂರಿನಲ್ಲಿ ಹುರುಳಿದೆ. ರಕ್ತದೊತ್ತಡ ಏರಿದಾಗ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಮಾತ್ರೆ ನುಂಗಿದ ಮೇಲೆ ಆಗುವ ತೊಂದರೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ರೋಗ ಕಾಣುವುದಿಲ್ಲ, ಮದ್ದಿನ ಕಾಟ ಕಾಣುತ್ತದೆ. ಆಗ ಯಾರಿಗಾದರೂ ಮದ್ದೇ ಶತ್ರುವಾಗಿ ತೋರಿದರೆ ಅಚ್ಚರಿಯೇನು? ತೊಂದರೆ ಇರುವುದು ದೂರಿನಲ್ಲಲ್ಲ. ದೂರನ್ನು ವೈದ್ಯರ ಮುಂದೆ ಇಡದೆ, ತೀರ್ಪನ್ನು ತಾವೇ ಕೊಟ್ಟುಕೊಳ್ಳುವುದರಲ್ಲಿ.

ಹಗ್ಗಜಗ್ಗಾಟದ ಲೆಕ್ಕ

‘ಈ ಮಾತ್ರೆ ಅಭ್ಯಾಸವಾಗಿಬಿಡುತ್ತೆ, ಒಮ್ಮೆ ಶುರು ಮಾಡಿದ್ರೆ ಬಿಡೋ ಹಾಗಿಲ್ಲ’ ಎಂಬ ಮಾತು ಪಾರ್ಕಿನ ಕಲ್ಲುಬೆಂಚುಗಳ ಮೇಲೆ ದಿನಾ ಕೇಳಿಬರುತ್ತದೆ. ಬಿ.ಪಿ. ಮಾತ್ರೆ ಹೆಂಡದಂತೆ, ಹೊಗೆಸೊಪ್ಪಿನಂತೆ ಚಟ ಹಿಡಿಸುವುದಿಲ್ಲ. ಆದರೆ ಕೆಲವು ಮಾತ್ರೆಗಳಿಗೆ ದೇಹ ಹೊಂದಿಕೊಂಡಿರುತ್ತದೆ ಎಂಬುದು ನಿಜ.

ಹಗ್ಗಜಗ್ಗಾಟ ನೋಡಿದವರಿಗೆ ಇದು ಅರ್ಥವಾಗುತ್ತದೆ. ಎರಡೂ ಕಡೆಯವರು ಬಲವಾಗಿ ಎಳೆಯುತ್ತಿರುವಾಗ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ಗಳಂಥ ‘ಬೀಟಾ ಬ್ಲಾಕರ್’ ಮಾತ್ರೆಗಳು ಅಡ್ರಿನಲಿನ್ ಎಂಬ ರಸ ಹೃದಯವನ್ನು ಓಡಿಸದಂತೆ ತಡೆದು ನಿಲ್ಲುತ್ತವೆ. ತಿಂಗಳುಗಟ್ಟಲೆ ತಡೆದರೆ, ಆ ರಸವನ್ನು ಹಿಡಿಯುವ ಕೊಂಡಿಗಳನ್ನು ಹೃದಯ ಹೆಚ್ಚಿಸಿಕೊಳ್ಳುತ್ತದೆ. ಮಾತ್ರೆ ಒಮ್ಮೆಲೇ ನಿಂತಾಗ ಆ ಕೊಂಡಿಗಳೆಲ್ಲ ಬಿಡುವಾಗಿ ಅಡ್ರಿನಲಿನ್‌ಗೆ ಸಿಕ್ಕುತ್ತವೆ. ಎದೆ ಡವಡವಿಸುತ್ತದೆ, ಬೆವರುತ್ತದೆ, ಒತ್ತಡ ಮೇಲೇರುತ್ತದೆ. ಹೃದಯದ ರಕ್ತನಾಳ ಮೊದಲೇ ಕಿರಿದಾಗಿದ್ದರೆ ಎದೆನೋವು, ಹೃದಯಾಘಾತವೂ ಆಗಬಹುದು. ಪ್ರೊಪ್ರನೊಲಾಲ್ ತಟ್ಟನೆ ನಿಲ್ಲಿಸಿದ ಹೃದ್ರೋಗಿಗಳಲ್ಲಿ ಹೀಗಾಗುವುದನ್ನು ಅಮೆರಿಕದ ವೈದ್ಯರು 1975ರಲ್ಲೇ ವರದಿ ಮಾಡಿದ್ದರು. ಅದಕ್ಕೇ ಈ ಮಾತ್ರೆಯನ್ನು ನಿಲ್ಲಿಸಬೇಕಾದಾಗ ವೈದ್ಯರು ಒಂದೆರಡು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ.

ಇದಕ್ಕಿಂತ ಬಿರುಸಿನದು ಕ್ಲೋನಿಡಿನ್. ಕಟ್ಟಿದ ಮೂಗಿಗೆಂದು ಜರ್ಮನಿಯಲ್ಲಿ ತಯಾರಾಗಿ, ಒತ್ತಡ ಇಳಿಸುತ್ತದೆಂದು ಆಮೇಲೆ ಗೊತ್ತಾದ ಮದ್ದು ಇದು. ಮೂತ್ರಪಿಂಡದ ಕಾಯಿಲೆಯವರಿಗೆ, ಬೇರೆ ಮಾತ್ರೆಗಳಿಗೆ ಜಗ್ಗದ ಒತ್ತಡಕ್ಕೆ ಈಗಲೂ ಬರೆದುಕೊಡುವುದುಂಟು. ಇದನ್ನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲೇ ತಲೆನೋವು, ನಡುಕ, ಬೆವರು ಬಂದು, ಒತ್ತಡ ಮೊದಲಿಗಿಂತಲೂ ಮೇಲೆ ಹೋಗಿ ಕೂರಬಹುದು. ಊರಿಗೆ ಹೊರಟಾಗ ಮರೆತುಹೋಗಬಾರದ ಮಾತ್ರೆ ಯಾವುದೆಂದರೆ ಇದೇ.

ಎಲ್ಲ ಮಾತ್ರೆಗಳೂ ಹೀಗಲ್ಲ. ಅಮ್ಲೋಡಿಪಿನ್ ದೇಹದಿಂದ ನಿಧಾನವಾಗಿ ಖಾಲಿಯಾಗುತ್ತದೆ. ಅದರ ಅರ್ಧ ಭಾಗ ಹೋಗಲು 30ರಿಂದ 50 ಗಂಟೆ ಬೇಕು. ಅದನ್ನಾಗಲಿ ಟೆಲ್ಮಿಸಾರ್ಟನ್ನನ್ನಾಗಲಿ ಬಿಟ್ಟರೆ ಮೈ ಕೂಡಲೇ ಪ್ರತಿಭಟಿಸುವುದಿಲ್ಲ. ಮೋಸ ಇರುವುದೂ ಅಲ್ಲೇ. ‘ಬಿಟ್ಟು ಹದಿನೈದು ದಿನವಾಯಿತು, ಏನೂ ಆಗಲಿಲ್ಲ ನೋಡಿ’ ಎನ್ನುತ್ತಿರುವಾಗಲೇ ಒತ್ತಡ ಸದ್ದು ಮಾಡದೆ ಹಳೆಯ ಜಾಗಕ್ಕೆ ಮರಳಿರುತ್ತದೆ. ಮಿದುಳಿನ ರಕ್ತನಾಳ, ಹೃದಯ, ಮೂತ್ರಪಿಂಡ ಅದರ ಬೆಲೆ ತೆರುತ್ತವೆ.

ಕೋವಿಡ್ ಕಾಲದಲ್ಲಿ ಇಂಥದೊಂದು ಭೀತಿ ಲೋಕಕ್ಕೆಲ್ಲ ಹಬ್ಬಿತು. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಮಾತ್ರೆಗಳು ಸೋಂಕನ್ನು ಉಲ್ಬಣಗೊಳಿಸುತ್ತವೆ ಎಂಬ ಊಹೆ 2020ರ ಮಾರ್ಚ್‌ನಲ್ಲಿ ಎದ್ದಿತು. ಬ್ರೆಜಿಲ್‌ನ ವೈದ್ಯರು ಆಸ್ಪತ್ರೆ ಸೇರಿದ್ದ 659 ರೋಗಿಗಳಲ್ಲಿ ಕೆಲವರಿಗೆ ಮಾತ್ರೆ ನಿಲ್ಲಿಸಿ, ಉಳಿದವರಿಗೆ ಮುಂದುವರಿಸಿ ನೋಡಿದರು. 2021ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ: ನಿಲ್ಲಿಸಿದ್ದರಿಂದ ಯಾವ ಲಾಭವೂ ಇರಲಿಲ್ಲ.

ವಯಸ್ಸಿನ ತಲೆಗೆ ಕಟ್ಟಿದ ದೋಷ

ಹಾಗೆಂದು ಮಾತ್ರೆಯ ಕಾಟವನ್ನು ಹಲ್ಲು ಕಚ್ಚಿ ಸಹಿಸಬೇಕೆಂದಲ್ಲ. ಅದನ್ನು ಗುರುತಿಸಬೇಕು. ಬಹಳಷ್ಟು ಮನೆಗಳಲ್ಲಿ ಅದು ವಯಸ್ಸಿನ ಲೆಕ್ಕಕ್ಕೆ, ಇಲ್ಲವೇ ಬೆಂಗಳೂರಿನ ಥಂಡಿಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುವುದು ಅಮ್ಲೋಡಿಪಿನ್‌ನ ಪರಿಚಿತ ಚಾಳಿ. ಕಿರುನಾಳಗಳು ಹಿಗ್ಗಿ, ನೀರಿನಂಶ ಜಿನುಗಿ ಕಣಕಾಲಿನಲ್ಲಿ ನಿಲ್ಲುತ್ತದೆ. ಊತ ಕಂಡೊಡನೆ ಮೂತ್ರ ಹೆಚ್ಚಿಸುವ ಇನ್ನೊಂದು ಮಾತ್ರೆ ಸೇರುವುದುಂಟು. ಈ ಊತಕ್ಕೆ ಅದು ಹೆಚ್ಚು ಪ್ರಯೋಜನಕ್ಕೆ ಬಾರದು. ಬದಲಿಗೆ ಪೊಟ್ಯಾಸಿಯಂ ಇಳಿದು ಸುಸ್ತು, ರಾತ್ರಿ ನಾಲ್ಕು ಸಲ ಬಚ್ಚಲಿಗೆ ಓಡಾಟ. ಒಂದು ಮಾತ್ರೆಯ ದೋಷಕ್ಕೆ ಇನ್ನೊಂದು, ಅದರ ದೋಷಕ್ಕೆ ಮತ್ತೊಂದು. ಪ್ರಮಾಣ ಇಳಿಸುವುದರಿಂದ, ಅಥವಾ ಬೇರೆ ಗುಂಪಿನ ಮಾತ್ರೆಗೆ ಬದಲಾಯಿಸುವುದರಿಂದ ಇಡೀ ಸರಪಳಿಯೇ ತಪ್ಪಬಹುದು. ಆದರೆ ಊತಕ್ಕೆ ಹೃದಯ, ಮೂತ್ರಪಿಂಡದ ಕಾಯಿಲೆಯೂ ಕಾರಣವಿರಬಹುದು. ಆದ್ದರಿಂದ ತೀರ್ಮಾನ ವೈದ್ಯರದೇ.

ಎನಲಾಪ್ರಿಲ್, ರಾಮಿಪ್ರಿಲ್ ನುಂಗುವ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ಮೆಣಸಿನ ಕಷಾಯ, ಶುಂಠಿ, ಕೆಮ್ಮಿನ ಸಿರಪ್ಪು ಯಾವುದಕ್ಕೂ ಅದು ಜಗ್ಗದು. ಮಾತ್ರೆ ಬದಲಾಯಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ತಾನಾಗಿ ಅಡಗುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳಲ್ಲಿ ಈ ಕಾಟ ತೀರ ಕಡಿಮೆ. ಕೆಮ್ಮಿಗೆಂದು ಗ್ರಂಧಿಗೆ ಅಂಗಡಿಯಿಂದ ತಂದ ಅತಿಮಧುರವನ್ನು ದಿನಾ ಅಗಿಯುವವರು ಒಂದು ವಿಷಯ ತಿಳಿದಿರಬೇಕು: ಅದು ಹೆಚ್ಚಾದರೆ ಒತ್ತಡವನ್ನು ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್‌ಗಳಂಥ ಮೂತ್ರವರ್ಧಕಗಳು ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ರಕ್ತದ ಸೋಡಿಯಂ ಅಂಶವನ್ನು ಇಳಿಸಬಲ್ಲವು. ಅಜ್ಜಿ ಮಂಕಾಗಿದ್ದಾರೆ, ಹೇಳಿದ್ದನ್ನೇ ಹೇಳುತ್ತಾರೆ, ನಡಿಗೆ ತೂರಾಡುತ್ತದೆ ಎಂದಾಗ ‘ಅರಳು ಮರಳು’ ಎಂದು ಕೈಚೆಲ್ಲುವ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಬೀಟಾ ಬ್ಲಾಕರ್‌ನಿಂದ ಕೈಕಾಲು ತಣ್ಣಗಾಗುವುದು, ಆಯಾಸ, ಗಂಡಸರಲ್ಲಿ ದಾಂಪತ್ಯದ ತೊಂದರೆ ಉಂಟು. ಕೊನೆಯದನ್ನು ಹೇಳಲು ನಾಚಿ ಮಾತ್ರೆಯನ್ನೇ ಬಿಟ್ಟವರು ಕಡಿಮೆಯಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ತಲೆಸುತ್ತಿನ ಬಗ್ಗೆ. ರಾತ್ರಿ ಹಾಸಿಗೆಯಿಂದ ದಡಕ್ಕನೆ ಎದ್ದಾಗ ಒತ್ತಡ ಕುಸಿದು ಕಣ್ಣು ಕತ್ತಲಿಟ್ಟರೆ, ಬಚ್ಚಲ ಬಾಗಿಲಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಲು ಅಷ್ಟೇ ಸಾಕು.

ಬೇರಿನ ಕಥೆ

‘ಇಂಗ್ಲಿಷ್ ಮಾತ್ರೆ ಬೇಡ, ಗಿಡಮೂಲಿಕೆಯಾದರೆ ಅಡ್ಡಪರಿಣಾಮವಿಲ್ಲ’ ಎಂಬ ನಂಬಿಕೆಗೆ ಉತ್ತರ ನಮ್ಮ ನೆಲದಲ್ಲೇ ಇದೆ. ಸರ್ಪಗಂಧದ ಬೇರು ಒತ್ತಡ ಇಳಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದರು. ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ 50 ರೋಗಿಗಳ ವಿವರ ಪ್ರಕಟಿಸಿದಾಗ ಪಶ್ಚಿಮದ ಲೋಕ ಕಣ್ಣರಳಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರ ಸಾರವಾದ ರಿಸರ್ಪಿನ್ನನ್ನು ಬೇರ್ಪಡಿಸಿದರು. ಒಂದು ಕಾಲಕ್ಕೆ ಅದೇ ಹೆಸರಾಂತ ಬಿ.ಪಿ. ಮದ್ದಾಯಿತು. ಜೊತೆಗೇ ಮೂಗು ಕಟ್ಟುವುದು, ಜಡತೆ, ಕೆಲವರಲ್ಲಿ ತೀವ್ರ ಖಿನ್ನತೆಯ ದೂರುಗಳೂ ಬಂದವು. ಒತ್ತಡ ಇಳಿಸುವಷ್ಟು ಶಕ್ತಿ ಇರುವ ಯಾವ ವಸ್ತುವಿಗೂ, ಅದು ಬೇರಿನಿಂದ ಬರಲಿ ಕಾರ್ಖಾನೆಯಿಂದ ಬರಲಿ, ಬೇರೇನನ್ನಾದರೂ ಮಾಡುವ ಶಕ್ತಿಯೂ ಇರುತ್ತದೆ. ಮಾತ್ರೆಯ ಜೊತೆ ಗುಟ್ಟಾಗಿ ಬೇರಿನ ಪುಡಿ ಸೇವಿಸಿದರೆ ಎರಡರ ಪರಿಣಾಮವೂ ಕೂಡಿಕೊಳ್ಳುತ್ತದೆ.

ಮನೆಯ ಲೆಕ್ಕಪುಸ್ತಕ

ಮಾತ್ರೆ ಹೆಚ್ಚೋ ಕಡಿಮೆಯೋ ಎಂಬುದು ವೈದ್ಯರಿಗೆ ಗೊತ್ತಾಗಬೇಕಾದರೆ ಅಂಕಿಗಳು ಬೇಕು. ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ ಅಳೆದು ಬರೆದಿಟ್ಟರೆ ಸಾಕು. ಅಳೆಯುವ ಮುನ್ನ ಅರ್ಧ ಗಂಟೆ ಫಿಲ್ಟರ್ ಕಾಫಿ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟಕ್ಕಿರಲಿ. ಮನೆಯಲ್ಲಿ ಅಳೆದ ಸರಾಸರಿ 135/85ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಹತೋಟಿಯಲ್ಲಿದೆ ಎಂದರ್ಥ. ತಲೆಸುತ್ತುವವರು ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಬೇಕು. ಮೇಲಿನ ಅಂಕಿ 20ರಷ್ಟು ಕುಸಿದರೆ ವೈದ್ಯರಿಗೆ ಕೂಡಲೇ ಹೇಳಬೇಕು.

ಮಾತ್ರೆ ‘ಹಿಡಿಸುತ್ತಿಲ್ಲ’ ಎನಿಸಿದಾಗ ಅಡುಗೆಮನೆಯ ಕಡೆಗೂ ಒಮ್ಮೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀಚಮಚದ ಒಳಗೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ ನಿತ್ಯ ಬಡಿಸುವ ಎಲೆಯಲ್ಲಿ ಅದು ಸಾರು ಬರುವ ಮೊದಲೇ ಮುಗಿದಿರುತ್ತದೆ. ಸೈಂಧವ ಲವಣವೂ ಉಪ್ಪೇ. ಸೋಡಿಯಂ ಕಡಿಮೆಯೆಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು. ಮಂಡಿನೋವಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಒತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ಕುತ್ತು ತರುತ್ತವೆ. ವಾಂತಿ ಭೇದಿಯಿಂದ ಮೈ ಒಣಗಿದ ದಿನ ಕೆಲವು ಮಾತ್ರೆಗಳನ್ನು ವೈದ್ಯರೇ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು. ಫೋನು ಮಾಡಿ ಕೇಳುವುದೇ ಸರಿ.

ಕೊನೆಗೂ ಬಿಡಬಹುದೇ?

ಕೆಲವರು ಬಿಡಬಹುದು, ಹಲವರು ಕಡಿಮೆ ಮಾಡಬಹುದು. ತೂಕ ಇಳಿಸಿ, ಉಪ್ಪು ತಗ್ಗಿಸಿ, ಲಾಲ್‌ಬಾಗಿನಲ್ಲೋ ಸ್ಯಾಂಕಿ ಕೆರೆಯ ಸುತ್ತಲೋ ತಪ್ಪದೆ ನಡೆಯುವವರಿಗೆ ಹಳೆಯ ಪ್ರಮಾಣವೇ ಹೆಚ್ಚಾಗಿಬಿಡಬಹುದು. ಇಂಗ್ಲೆಂಡಿನಲ್ಲಿ 80 ದಾಟಿದ, ಎರಡು ಅಥವಾ ಹೆಚ್ಚು ಬಿ.ಪಿ. ಮಾತ್ರೆ ನುಂಗುತ್ತಿದ್ದ 569 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಒಂದು ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಕಡಿಮೆ ಮಾಡಲಾಯಿತು. 12 ವಾರಗಳ ನಂತರ ಅವರಲ್ಲಿ ಶೇ 86ರಷ್ಟು ಜನರ ಮೇಲಿನ ಅಂಕಿ 150ಕ್ಕಿಂತ ಕೆಳಗೇ ಇತ್ತು. ಮಾತ್ರೆ ಕಡಿಮೆ ಮಾಡದವರಲ್ಲಿ ಅದು ಶೇ 88. ಸರಾಸರಿ ಒತ್ತಡ ಮಾತ್ರ ತುಸು ಏರಿತ್ತು. ಅಧ್ಯಯನದ ಅವಧಿ ಚಿಕ್ಕದು. ಎಲ್ಲರಿಗೂ ಇದೇ ನಿಯಮವೆಂದು ಅರ್ಥವಲ್ಲ. ಆದರೆ ‘ಜೀವನಪೂರ್ತಿ ಅಷ್ಟೂ ಮಾತ್ರೆ’ ಎಂಬುದು ಕಲ್ಲಿನ ಮೇಲಿನ ಬರಹವಲ್ಲ ಎಂದು ಅದು ತೋರಿಸಿತು.

ಕ್ರಮ ಮಾತ್ರ ಒಂದೇ: ಒಂದು ಸಲಕ್ಕೆ ಒಂದೇ ಮಾತ್ರೆ, ಸ್ವಲ್ಪ ಸ್ವಲ್ಪವಾಗಿ, ಅಳೆಯುತ್ತ, ವೈದ್ಯರಿಗೆ ತೋರಿಸುತ್ತ. ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಬಹುದು. ಮರುದಿನ ಎರಡು ಸೇರಿಸಿ ನುಂಗಬಾರದು. ಬಿಟ್ಟ ಮೇಲೆ ಎದೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಬೇಕು. ದುಡ್ಡಿನ ಅಡಚಣೆಯಿಂದ ಬಿಡುವವರಿಗೆ ಜನೌಷಧಿ ಮಳಿಗೆಗಳಿವೆ, ಸರ್ಕಾರಿ ಆಸ್ಪತ್ರೆಗಳಿವೆ.

ಮುಂದಿನ ಸಲ ವೈದ್ಯರ ಮುಂದೆ ಕೂತಾಗ ಅವರು ಒತ್ತಡ ನೋಡಿ ‘ಪರವಾಗಿಲ್ಲ, ಅದನ್ನೇ ಮುಂದುವರಿಸಿ’ ಎಂದು ಚೀಟಿ ಬರೆಯುವ ಹೊತ್ತಿಗೆ ಸಂಕೋಚ ಬೇಡ. ಕಾಲಿನ ಊತ, ಕೆಮ್ಮು, ರಾತ್ರಿಯ ತಲೆಸುತ್ತು, ನಿಜವಾಗಿ ಎಷ್ಟು ದಿನ ಮಾತ್ರೆ ತಪ್ಪಿದೆ ಎಂಬುದು, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ಓದಿ ಹೇಳಬೇಕು. ಬದಲಿ ಮಾತ್ರೆಗಳು ಹತ್ತಾರಿವೆ. ಕೇಳಿದವರಿಗೆ ಮಾತ್ರ ಅವು ಸಿಗುತ್ತವೆ.