ಹಳ್ಳದ ನೀರು, ಕಚೇರಿಯ ಕಾಗದ

ಕಾರ್ತೀಕ ಮಾಸ ಕಳೆಯುತ್ತಲೇ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಗಳಲ್ಲಿ ಅರಾಬಿಕಾ ಹಣ್ಣು ಕೆಂಪೇರುತ್ತದೆ. ತೋಟತೋಟದಲ್ಲಿಯೂ ಪಲ್ಪರ್ ಯಂತ್ರದ ಸದ್ದು ಕೇಳಬರುತ್ತದೆ. ನಾಡಿಗೆ ಸಂಪತ್ತನ್ನೂ ಸಾವಿರಾರು ಸಂಸಾರಗಳಿಗೆ ಅನ್ನವನ್ನೂ ತರತಕ್ಕ ಈ ಉದ್ಯಮದ ವಿಷಯದಲ್ಲಿ ನಮಗೆ ಅಭಿಮಾನವೇ ಇದೆ. ಆದರೆ ಹಣ್ಣಿನ ಸಿಪ್ಪೆಯನ್ನು ಸುಲಿದು, ಬೀಜದ ಲೋಳೆಯನ್ನು ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯು ವರ್ಷ ವರ್ಷವೂ ಇದೇ ಕಾಲದಲ್ಲಿ ಏಳುತ್ತದೆ; ವರ್ಷ ವರ್ಷವೂ ಉತ್ತರವಿಲ್ಲದೆ ಅಡಗುತ್ತದೆ.

ಆ ನೀರಿನಲ್ಲಿ ಹಣ್ಣಿನ ಸಕ್ಕರೆಯ ಅಂಶವೂ ಲೋಳೆಯೂ ಬೆರೆತಿರುತ್ತವೆ. ಅದು ಹುಳಿತು, ಬಣ್ಣಗೆಟ್ಟು, ಹಳ್ಳದ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಮೀನು ಸಾಯುತ್ತದೆ, ದನಕರುಗಳು ನೀರಿಗೆ ಮೂತಿ ಇಡುವುದಿಲ್ಲ. ಕೊಯ್ಲಿನ ತಿಂಗಳುಗಳೇ ಹಳ್ಳಗಳು ಸೊರಗುತ್ತ ಹೋಗುವ ತಿಂಗಳುಗಳಾಗಿರುವುದು ಈ ಕೇಡನ್ನು ಇಮ್ಮಡಿಸುತ್ತದೆ. ಇದರ ಮೇಲೆ ತೋಟಗಳಿಗೆ ಹೊಡೆಯುವ ಔಷಧಿಗಳ ವಿಚಾರವೂ ಉಂಟು. ಒಂದು ಕಾಲದಲ್ಲಿ ಕಾಂಡಕೊರಕಕ್ಕೆ ಲಿಂಡೇನ್, ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಬಳಕೆಯಲ್ಲಿದ್ದವು. ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಿತು. ಲಿಂಡೇನಿನ ಬಳಕೆಯು 2013ರಲ್ಲಿ ನಿಂತಿತು. ನಿನ್ನೆ ಔಷಧಿಯೆನಿಸಿಕೊಂಡದ್ದು ಇಂದು ವಿಷವೆಂದು ತೀರ್ಮಾನವಾಗುತ್ತಿರುವಾಗ, ಆ ತೀರ್ಮಾನಕ್ಕೆ ಆಧಾರವಾದ ಕಾಗದಪತ್ರಗಳನ್ನು ನೋಡುವ ಹಕ್ಕು ಯಾರಿಗಿರತಕ್ಕದ್ದು? ಆ ನೀರನ್ನು ಕುಡಿಯುವವರಿಗಲ್ಲವೆ?

ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಸಕಲೇಶಪುರದ ಮಾರ್ಗವಾಗಿ ಗೊರೂರಿನ ಜಲಾಶಯಕ್ಕೆ ಇಳಿಯುತ್ತದೆ. ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ದಾಟಿ ಲಕ್ಕವಳ್ಳಿಯ ಅಣೆಕಟ್ಟನ್ನು ತುಂಬುತ್ತದೆ. ಮೇಲಿನ ಹಳ್ಳಕ್ಕೆ ಬಿದ್ದದ್ದು ಕೆಳಗಿನವರ ಕೊಡಕ್ಕೆ ಬರುತ್ತದೆ. ಕೆಳಗಿನ ಊರಿನ ರೈತನೊಬ್ಬನು ಅರ್ಜಿ ಹಿಡಿದು ಕಚೇರಿಗೆ ಹೋದನೆನ್ನೋಣ. ಗ್ರಾಮ ಪಂಚಾಯಿತಿಯವರು ತಾಲ್ಲೂಕಿಗೆ ಬರೆಯುತ್ತಾರೆ. ತಾಲ್ಲೂಕಿನವರು ಜಿಲ್ಲೆಗೆ, ಜಿಲ್ಲೆಯವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುತ್ತಾರೆ. ನೀರಿನ ಮಾದರಿ ತೆಗೆದದ್ದಾಯಿತು, ನೋಟೀಸು ಹೋದದ್ದಾಯಿತು, ಸಮಜಾಯಿಷಿ ಬಂದದ್ದಾಯಿತು. ಕಾಗದ ಕಾಗದದೊಡನೆ ಮಾತನಾಡಿತು. ರೈತನಿಗೆ ಸಿಕ್ಕ ಉತ್ತರವು “ಮೇಲಕ್ಕೆ ಬರೆದಿದೆ” ಎಂಬ ಒಂದೇ ಮಾತು. ಅಷ್ಟರಲ್ಲಿ ಮುಂಗಾರು ಬಂದು ಹಳ್ಳವನ್ನು ತೊಳೆದು, ದೂರಿನ ಸಾಕ್ಷ್ಯವನ್ನೂ ತೊಳೆದುಕೊಂಡು ಹೋಗುತ್ತದೆ.

ಇದು ಕಾನೂನಿನ ಬಡತನವಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1974ರ ಜಲ ಮಾಲಿನ್ಯ ನಿಯಂತ್ರಣದ ಅಧಿನಿಯಮದ 25ನೆಯ ಪ್ರಕರಣವು, ಹೊಲಸು ನೀರನ್ನು ಹೊರಬಿಡುವವರಿಗೆ ಮಂಡಳಿಯು ವಿಧಿಸಿದ ಷರತ್ತುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡತಕ್ಕದ್ದೆಂದೂ, ಬಾಧಿತನಾದ ಯಾವ ಮನುಷ್ಯನಾದರೂ ಯುಕ್ತ ವೇಳೆಯಲ್ಲಿ ಬಂದು ಅದನ್ನು ನೋಡಬಹುದೆಂದೂ ವಿಧಿಸಿದೆ. ಅನಂತರ ಬಂದ 2005ರ ಮಾಹಿತಿ ಹಕ್ಕು ಅಧಿನಿಯಮವು ಟಿಪ್ಪಣಿ, ಅಭಿಪ್ರಾಯ, ಸಲಹೆ, ಸುತ್ತೋಲೆ, ವರದಿಗಳೆಲ್ಲವನ್ನೂ ಮಾಹಿತಿಯೆಂದು ಕರೆದಿದೆ. ವಸ್ತುವಿನ ದೃಢೀಕೃತ ಮಾದರಿಯನ್ನು ಪಡೆಯುವುದನ್ನು ಸಹ ಹಕ್ಕಿನೊಳಗೆ ಸೇರಿಸಿದೆ. ನಮ್ಮ ರಾಜ್ಯದಲ್ಲಿ 10 ರೂಪಾಯಿ ಶುಲ್ಕ, 150 ಪದಗಳ ಒಂದು ಅರ್ಜಿ ಸಾಕು. 30 ದಿವಸಗಳೊಳಗೆ ಉತ್ತರ ಬರತಕ್ಕದ್ದು. ಜೀವದ ಪ್ರಶ್ನೆಯಾದರೆ 48 ಗಂಟೆಗಳೊಳಗೆ. ಪರರಾಜ್ಯವು ನಮ್ಮ ಮೇಲೆ ಹೇರಿದ 1923ರ ಸರ್ಕಾರಿ ರಹಸ್ಯಗಳ ಕಾನೂನು ಅಡ್ಡ ಬಂದರೂ ಮಾಹಿತಿ ಹಕ್ಕೇ ಮೇಲೆಂದು ಅದರ 22ನೆಯ ಪ್ರಕರಣವು ಸಾರುತ್ತದೆ. ಹಕ್ಕು ಹೀಗೆ ಸ್ಪಷ್ಟವಾಗಿದ್ದರೂ ಹಳ್ಳಿಗನಿಗೆ ಅದು ಕನ್ನಡಿಯೊಳಗಿನ ಗಂಟಾಗಿಯೇ ಉಳಿದಿದೆ. ಯಾವ ಕಚೇರಿಯಲ್ಲಿ ಯಾವ ಕಾಗದವಿದೆಯೆಂಬುದೇ ತಿಳಿಯದವನು ಏನೆಂದು ಕೇಳಿಯಾನು?

ಕಾಗದವು ಬೆಳಕಿಗೆ ಬರುವುದರ ಫಲವೇನೆಂಬುದಕ್ಕೆ ನಮ್ಮ ಬೆಟ್ಟಗಳೇ ಸಾಕ್ಷಿ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗೆ 1969ರಲ್ಲಿ ಮಂಜೂರಾದ 30 ವರ್ಷಗಳ ಗುತ್ತಿಗೆಯು 1999ರಲ್ಲಿ ತೀರಿತು. ಗಣಿಯು ಆಮೇಲೂ ತಾತ್ಕಾಲಿಕ ಅನುಮತಿಗಳ ಬಲದಿಂದ ನಡೆಯಿತು. ಮಳೆಗಾಲದಲ್ಲಿ ಭದ್ರೆಯು ಹೂಳಿನಿಂದ ಕೆಂಪಾಗುವುದನ್ನು ಕಳಸದವರು ಕಣ್ಣಾರೆ ಕಾಣುತ್ತಿದ್ದರು. ದೆಹಲಿ ಬೆಂಗಳೂರುಗಳ ನಡುವೆ ಓಡಾಡುತ್ತಿದ್ದ ಪತ್ರಗಳನ್ನು ಮಾತ್ರ ಕಾಣುವಂತಿರಲಿಲ್ಲ. ಕೆ. ಎಂ. ಚಿಣ್ಣಪ್ಪನವರ ಅರ್ಜಿಯಿಂದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಆ ಕಾಗದಗಳು ಪರೀಕ್ಷೆಗೆ ಒಳಗಾದವು. 2002ರ ಅಕ್ಟೋಬರ್ 30ರಂದು ತೀರ್ಪಾಯಿತು. 2005ರ ಕೊನೆಗೆ ಗಣಿ ನಿಂತಿತು. ಆದರೆ ತನ್ನ ಹೊಳೆಯ ಸಂಗತಿಯನ್ನು ತಿಳಿಯಲು ಪ್ರತಿಯೊಬ್ಬ ಪ್ರಜೆಯೂ ದೆಹಲಿಯ ಮೆಟ್ಟಿಲು ಹತ್ತಬೇಕೆಂದರೆ ಅದು ನ್ಯಾಯವೆ?

ಬೆಳಕು ತಡವಾಗಿ ಬಂದರೆ ಏನಾಗುತ್ತದೆಂಬುದನ್ನು ಚಾರ್ಮಾಡಿ ಘಾಟಿಯನ್ನು ಇಳಿದವರು ಬಲ್ಲರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳಲ್ಲಿಯೂ, ಇನ್ನೂ ದಕ್ಷಿಣಕ್ಕೆ ಕಾಸರಗೋಡಿನ ಕನ್ನಡಿಗರು ನೆಲಸಿರುವ ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿಯೂ ಗೇರು ತೋಟಗಳ ಮೇಲೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದರು. ಆಕಾಶದಿಂದ ಬೀಳುತ್ತಿದ್ದುದು ಏನು, ಅದನ್ನು ಯಾರು ಒಪ್ಪಿದರು, ಯಾವ ಎಚ್ಚರಿಕೆಯೊಡನೆ ಒಪ್ಪಿದರು ಎಂಬುದನ್ನು ಕೆಳಗಿದ್ದವರಿಗೆ ಹೇಳಿದವರಿಲ್ಲ. ಕಾಸರಗೋಡಿನ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿದ್ದು 2017ರ ಜನವರಿಯಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರುವುದು ಸಹಜ. ಪತ್ರಗಳೆಲ್ಲ ಬಯಲಾದರೆ ಅಧಿಕಾರಿಗಳು ಮನಬಿಚ್ಚಿ ಬರೆಯಲಾರರೆಂಬುದು ಒಂದು. 1981ರಲ್ಲಿ ನ್ಯಾಯಾಧೀಶರ ನೇಮಕದ ವ್ಯಾಜ್ಯದಲ್ಲಿ ಕೇಂದ್ರ ಸರ್ಕಾರವು ಇದೇ ವಾದವನ್ನು ಹೂಡಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪದೆ, ಕಾನೂನು ಮಂತ್ರಿಗೂ ಮುಖ್ಯ ನ್ಯಾಯಮೂರ್ತಿಗಳಿಗೂ ನಡೆದ ಪತ್ರವ್ಯವಹಾರವನ್ನೇ ಹೊರಗಿಡಿಸಿತು. ಅಷ್ಟು ಎತ್ತರದ ಪತ್ರಗಳು ಬಯಲಿಗೆ ಬರಬಹುದಾದರೆ ಹಳ್ಳದ ನೀರಿನ ವರದಿಗೆ ಮುಸುಕೇಕೆ? ನಿಷ್ಠೆಯಿಂದ ಬರೆದ ಅಧಿಕಾರಿಗೆ ಬೆಳಕೇ ರಕ್ಷೆ. ಮೇಲಿನವರ ಒತ್ತಡವನ್ನು ತಡೆಯಲು ಅವನಿಗೆ ಅದಕ್ಕಿಂತ ಒಳ್ಳೆಯ ಆಸರೆಯಿಲ್ಲ. ತೋಟಗಾರರ ವ್ಯಾಪಾರದ ಗುಟ್ಟು ಹೊರಬೀಳುವುದೆಂಬುದು ಎರಡನೆಯದು. ಗುಟ್ಟಿಗೆ ಕಾನೂನಿನಲ್ಲಿ ರಕ್ಷಣೆಯಿದೆ. ಆದರೆ ಸಾರ್ವಜನಿಕ ಹಿತವು ಹಿರಿದಾದಲ್ಲಿ ಆ ರಕ್ಷಣೆಯು ನಿಲ್ಲದೆಂದೂ ಅದೇ ಕಾನೂನು ಹೇಳುತ್ತದೆ. ಹೊಳೆಗೆ ಬಿಟ್ಟ ನೀರು ಯಾರ ಗುಟ್ಟೂ ಅಲ್ಲ. ಅಷ್ಟೇ ಅಲ್ಲ, ಹೊಂಡ ತೋಡಿ, ನೀರನ್ನು ತಿಳಿಗೊಳಿಸಿ ಬಿಡುವ ಪ್ರಾಮಾಣಿಕ ತೋಟಗಾರನ ಮೇಲೆ ನೆರೆಯವನ ತಪ್ಪು ಹೊರೆಯಾಗುವುದು ಕಾಗದಗಳು ಮುಚ್ಚಿರುವುದರಿಂದಲೇ.

ನಾವು ಸರ್ಕಾರದವರಲ್ಲಿ ಹೊಸ ಕಾನೂನನ್ನು ಬೇಡುತ್ತಿಲ್ಲ. ಮಾಹಿತಿ ಹಕ್ಕಿನ ಅಧಿನಿಯಮದ 4ನೆಯ ಪ್ರಕರಣವು, ಯಾರೂ ಕೇಳದೆಯೇ ವಿಷಯಗಳನ್ನು ನೋಟೀಸು ಹಲಗೆ, ವೃತ್ತಪತ್ರಿಕೆ ಮೊದಲಾದವುಗಳ ಮೂಲಕ ಸ್ಥಳೀಯ ಭಾಷೆಯನ್ನು ಲಕ್ಷಿಸಿ ಪ್ರಕಟಿಸಬೇಕೆನ್ನುತ್ತದೆ. ಅದನ್ನು ನಡೆಸಿದರೆ ಸಾಕು. ಕೊಯ್ಲಿಗೆ ಮುಂಚೆ ಯಾರಿಗೆ ಯಾವ ಷರತ್ತಿನ ಮೇಲೆ ಸಮ್ಮತಿ ಕೊಟ್ಟಿದೆ, ಕೊಯ್ಲಿನ ಕಾಲದಲ್ಲಿ ಯಾವ ಹಳ್ಳದಿಂದ ಯಾವ ದಿನ ಮಾದರಿ ತೆಗೆಯಿತು, ಪರೀಕ್ಷೆಯಲ್ಲಿ ಏನು ಕಂಡಿತು, ಯಾರಿಗೆ ಏನೆಂದು ಬರೆಯಿತು, ಅವರು ಏನು ಉತ್ತರ ಕೊಟ್ಟರು: ಇಷ್ಟನ್ನು ತಿಳಿಗನ್ನಡದಲ್ಲಿ ಬರೆದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತಾಲ್ಲೂಕು ಕಚೇರಿಗಳಲ್ಲಿಯೂ ಹೊಳೆಯ ದಡದ ಪ್ರತಿ ಪಂಚಾಯಿತಿಯಲ್ಲಿಯೂ ತೂಗುಹಾಕಲಿ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ರಾಜ್ಯಾಡಳಿತದ ವಿವರವನ್ನು ರೈತರ, ವರ್ತಕರ ಮುಂದಿಟ್ಟರು. ಅರಸರ ಆಳ್ವಿಕೆಯಲ್ಲಿ ಪ್ರಜೆಗಳಿಗೆ ಸಂದ ಆ ಮರ್ಯಾದೆಯು ಪ್ರಜೆಗಳದೇ ಆಳ್ವಿಕೆಯಲ್ಲಿ ಕಡಿಮೆಯಾಗಬಾರದು. ಮುಂದಿನ ಕೊಯ್ಲಿನಲ್ಲಿ ಹಳ್ಳಕ್ಕೆ ಕೊಡ ಹಿಡಿದು ಹೋಗುವ ಹೆಂಗಸಿಗೆ, ಈ ನೀರನ್ನು ಕುಡಿಯಬಹುದೇ ಕೂಡದೇ ಎಂಬುದನ್ನು ಅವಳ ಪಂಚಾಯಿತಿಯ ಹಲಗೆಯು ಹೇಳುವಂತಾಗಲಿ.