ಗಣಕಯಂತ್ರದ ಸದ್ದು: ಯಾವುದು ನಿರುಪದ್ರವಿ, ಯಾವುದು ಅಪಾಯಕಾರಿ?

ಹಗಲು ಅಂಗಡಿಯ ವಹಿವಾಟು ಮುಗಿಸಿ ರಾತ್ರಿ ಮನೆಯ ಗಣಕಯಂತ್ರದಲ್ಲಿ ಲೆಕ್ಕ ಬರೆಯುವ ವರ್ತಕರು ಬಹಳ ಮಂದಿ. ಖಾತೆ, ದಾಸ್ತಾನು, ಜಿಎಸ್‌ಟಿ ವಿವರಗಳೆಲ್ಲ ಆ ಒಂದೇ ಯಂತ್ರದಲ್ಲಿರುತ್ತವೆ. ಅದು ಒಂದು ದಿನ ಎಂದೂ ಇಲ್ಲದ ಸದ್ದು ಮಾಡತೊಡಗಿದರೆ ಕೆಲವರು ಸದ್ದಿಗೆ ಒಗ್ಗಿಕೊಂಡು ಕೆಲಸ ಮುಂದುವರಿಸುತ್ತಾರೆ. ಉಳಿದವರು ದುರಸ್ತಿಗಾರರಿಗೆ ಯಂತ್ರವನ್ನೇ ಒಪ್ಪಿಸಿಬಿಡುತ್ತಾರೆ. ಎರಡಕ್ಕೂ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯುವುದು ಅಗತ್ಯ.

ಮೊದಲು ಸ್ಪೀಕರ್ ಆರಿಸಿ ನೋಡಬೇಕು. ಸದ್ದು ನಿಂತರೆ ಯಂತ್ರದ ಒಳಭಾಗಕ್ಕೆ ಧಕ್ಕೆಯಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಒಂದೇ ಸಮನೆ ಗುಂಯ್‌ಗುಡುವುದಕ್ಕೆ ಅರ್ಥಿಂಗ್ ಸರಿಯಿಲ್ಲದಿರುವುದು ಒಂದು ಕಾರಣ. ಸಾಧನ ಜೋಡಿಸಿದಾಗ ಕೇಳುವ ಧ್ವನಿ ತಾನಾಗಿ ಮರುಕಳಿಸುತ್ತಿದ್ದರೆ ಯುಎಸ್‌ಬಿ ಕೇಬಲ್ ಯಾವುದೋ ಸಡಿಲವಾಗಿರಬಹುದು. ‘ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಯಂತ್ರವೇ ಕೂಗಿದರೆ ಅದು ಅಂತರಜಾಲ ಪುಟದ ವಂಚನೆ. ಬ್ರೌಸರ್ ಮುಚ್ಚಬೇಕೇ ಹೊರತು ಕರೆ ಮಾಡಬಾರದು. ಮೇಜಿನ ಕೆಳಗಿನ ಯುಪಿಎಸ್ ಕೂಗನ್ನು ಗಣಕಯಂತ್ರದ ಕೂಗೆಂದು ತಿಳಿಯುವವರೂ ಉಂಟು.

ಸ್ಪೀಕರ್ ಆರಿಸಿದರೂ ಸದ್ದು ನಿಲ್ಲದಿದ್ದರೆ ಫ್ಯಾನುಗಳತ್ತ ನೋಡಬೇಕು. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಮೆಣಸಿನಪುಡಿ ಘಟಕಗಳ ಕಚೇರಿಯಲ್ಲಿ ದೂಳು ಕಟ್ಟುವುದು ಬೇಗ. ಯಂತ್ರ ಬಿಸಿಯಾದಂತೆ ಗರಗರ ಸದ್ದು ಹೆಚ್ಚಿದರೆ ದೋಷ ಅಲ್ಲಿಯೇ. ವಿದ್ಯುತ್ ತೆಗೆದು, ರೆಕ್ಕೆ ತಿರುಗದಂತೆ ಹಿಡಿದು ದೂಳು ಊದಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲವಾದರೆ ಫ್ಯಾನ್ ಬದಲಿಸುವುದು ದೊಡ್ಡ ಖರ್ಚಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ವಿದ್ಯುತ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕ್ಕೆ ಸಾಲುವಷ್ಟು ವಿದ್ಯುತ್ ಉಳಿದಿರಬಹುದು.

ನಿಜವಾಗಿ ಭಯಪಡಬೇಕಾದ ಸದ್ದು ಹಾರ್ಡ್ ಡಿಸ್ಕಿನದು. ಇದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಮಾಹಿತಿ ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೂದಲೆಳೆಯ ದಪ್ಪ ಅದರ ಸಾವಿರಾರು ಪಟ್ಟು. ತಲೆ ಕೆಟ್ಟಾಗ ಅಥವಾ ತಟ್ಟೆಗೆ ಗೀರು ಬಿದ್ದಾಗ ತಾನೆಲ್ಲಿದ್ದೇನೆಂಬ ಗುರುತು ಅದಕ್ಕೆ ಸಿಗದು. ಆಗ ಅದು ಮೊದಲಿನ ಜಾಗಕ್ಕೆ ಮರಳಿ ಮತ್ತೆ ಯತ್ನಿಸುತ್ತದೆ. ‘ಟಿಕ್, ಟಿಕ್’ ಎಂದು ತಾಳಬದ್ಧವಾಗಿ ಕೇಳುವುದು ಈ ವಿಫಲ ಯತ್ನವೇ. ಯಂತ್ರ ಆರಿಸುವಾಗ ಕೇಳುವ ಒಂದು ಟಿಕ್ಕಿಗೆ ಗಾಬರಿ ಬೇಡ. ತಲೆ ತನ್ನ ನೆಲೆಗೆ ಸೇರುವ ಸದ್ದು ಅದು.

ತಾಳದ ಸದ್ದು ಆರಂಭವಾದರೂ ಕಡತಗಳು ತೆರೆಯುತ್ತಿದ್ದರೆ ಲೆಕ್ಕದ ಫೋಲ್ಡರನ್ನು ಕೂಡಲೇ ಬೇರೊಂದು ಡಿಸ್ಕಿಗೆ ನಕಲಿಸಬೇಕು. ಮದುವೆಯ ಚಿತ್ರ, ಹಾಡುಗಳ ಸರದಿ ಆಮೇಲೆ. ಡಿಸ್ಕ್ ಪರೀಕ್ಷಿಸುವ ತಂತ್ರಾಂಶವನ್ನು ಮೊದಲು ಓಡಿಸುವುದು ಹಲವರ ವಾಡಿಕೆ. ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಡಿಸ್ಕನ್ನು ಯಂತ್ರ ಗುರುತಿಸುತ್ತಲೇ ಇಲ್ಲವೆಂದರೆ ಮತ್ತೆ ಮತ್ತೆ ಚಾಲೂ ಮಾಡದೆ, ವಿದ್ಯುತ್ ತೆಗೆದು ಮಾಹಿತಿ ಮರುಪಡೆಯುವ ತಜ್ಞರಿಗೆ ಒಪ್ಪಿಸಬೇಕು. ಅದರ ಶುಲ್ಕ ಹೊಸ ಡಿಸ್ಕಿನ ಬೆಲೆಯನ್ನು ಎಷ್ಟೋ ಮೀರಬಹುದು. ತಟ್ಟುವುದು, ಫ್ರಿಜ್ಜಿನಲ್ಲಿಡುವುದು, ಮುಚ್ಚಳ ಬಿಚ್ಚುವುದು ಇವೆಲ್ಲ ಮಾಹಿತಿಯನ್ನು ಕೈಯಾರೆ ಕಳೆದುಕೊಳ್ಳುವ ದಾರಿಗಳು.

ಇದು ಬರೀ ಅನುಕೂಲದ ಪ್ರಶ್ನೆಯಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2017ರ ನಿಯಮಾವಳಿಯ 57ನೆಯ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಮರುಪಡೆಯಲಾಗುವಂತಹ ಪ್ರತಿ ಇಡುವುದನ್ನು ಕಡ್ಡಾಯಗೊಳಿಸಿದೆ. ಡಿಸ್ಕ್ ಕೆಟ್ಟಿತೆಂದರೆ ಹೊಣೆ ತಪ್ಪದು.

ಇತ್ತೀಚಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ತಿರುಗುವ ಭಾಗವೇ ಇಲ್ಲ. ಅವು ಕೆಡುವಾಗ ಟಿಕ್ಕೆನ್ನುವುದೂ ಇಲ್ಲ. ಆದ್ದರಿಂದ ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವ ದಿನವೇ ಲೆಕ್ಕದ ಇನ್ನೊಂದು ಪ್ರತಿ ಮಾಡಿ, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಮನೆಯ ಯಂತ್ರದಿಂದ ದೂರ, ಅಂಗಡಿಯ ತಿಜೋರಿಯಲ್ಲಿ ಇಡುವುದು ಸೂಕ್ತ.